ಕಿಲಾರಿ ಮನೆಯ ಬೀಗತನ

ಫೆಬ್ರವರಿ 2, ಭಾನುವಾರ

ಕಾವ್ಯಳ ವೀಳ್ಯಶಾಸ್ತ್ರ ಮುಗಿಯಿತು. ಕಾಲು ಬಿದ್ದುಹೋಗುವ ಹಾಗಿದೆ. ಆದರೂ ನಾಲ್ಕು ಸಾಲು ಬರೆದಿಡುತ್ತೇನೆ, ಇಲ್ಲದಿದ್ದರೆ ಈ ಖುಷಿಯೆಲ್ಲ ನಾಳೆ ಪಾತ್ರೆ ಬೆಳಗುವುದರಲ್ಲೇ ಕಳೆದುಹೋಗುತ್ತದೆ. ಡೈರಿ ಅಂಗನವಾಡಿಗೆ ಬಂದದ್ದು. ಮಕ್ಕಳ ತೂಕ ಬರೆಯಲು ಬೇರೆ ರಿಜಿಸ್ಟರ್ ಇದೆ, ಆದ್ದರಿಂದ ಇದು ನನ್ನದೇ.

ಹುಡುಗ ಮಾರುತೇಶ, ಮೊಳಕಾಲ್ಮುರಿನ ಪಶು ಆಸ್ಪತ್ರೆಯಲ್ಲಿ ಕೆಲಸ. ನನ್ನ ಮಗಳು ಅದೇ ಊರಿನ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನೀಷಿಯನ್. ಒಬ್ಬನಿಗೆ ಹಸುವಿನ ರಕ್ತ, ಒಬ್ಬಳಿಗೆ ಮನುಷ್ಯರ ರಕ್ತ, ಜೋಡಿ ಸರಿಹೋಯಿತು ಎಂದು ಓರಗಿತ್ತಿ ಮುದ್ದಕ್ಕ ಎಲ್ಲರನ್ನೂ ನಗಿಸಿದರು. ಆರತಿ ಎತ್ತಿದ್ದೂ ಅವರೇ. ನಾನು ಬಾಗಿಲ ಹಿಂದೆ ನಿಂತಿದ್ದೆ. ಕಾವ್ಯಳ ಅಪ್ಪ ಹೋಗಿ ಆರು ವರ್ಷ, ಆ ಜಾಗ ನನಗೆ ರೂಢಿಯಾಗಿದೆ.

ನನ್ನ ಗಂಡನ ಅಣ್ಣ ದೊಡ್ಡಪಾಲಯ್ಯ ಭಾವನವರದು ಇವತ್ತು ಭಾಷಣವೋ ಭಾಷಣ. ತಾವೇ ಬರೆದ ವಂಶಾವಳಿಯ ಉದ್ದನೆಯ ಹಾಳೆಯನ್ನು ಗೋಡೆಗೆ ನೇತುಹಾಕಿ, ಪಾಳೇಗಾರರ ಕಾಲದಿಂದ ನಮ್ಮ ಕರಿದಡ್ಡಿ ಬೆಡಗಿನ ಹನ್ನೊಂದು ತಲೆಮಾರನ್ನು ಬೀಗರಿಗೆ ಒಪ್ಪಿಸಿದರು. ಯಾವ ಬೆಡಗಿನಿಂದ ಹೆಣ್ಣು ತರಬಹುದು, ಯಾವುದು ಹೆಣ್ಣು ಕೊಟ್ಟು ತರಬಾರದ ಅಣ್ಣತಮ್ಮರ ಬೆಡಗು, ಎಲ್ಲ ಅವರಿಗೆ ಬಾಯಿಪಾಠ. ಹುಡುಗನ ಅಪ್ಪ ಮಹಾಂತೇಶಣ್ಣ ತಮ್ಮದು ಬಿಲ್ಲಿನವರ ಬೆಡಗು ಎಂದರು. ಭಾವನವರು ತಲೆಯಾಡಿಸಿ ಎಲೆ ಅಡಿಕೆ ಕೈಗೆ ತೆಗೆದುಕೊಂಡರು. ಅವರು ತಲೆಯಾಡಿಸಿದ ಮೇಲೆಯೇ ನನಗೆ ಉಸಿರು ಬಂದದ್ದು.

ಮದುವೆ ಏಪ್ರಿಲ್ 30ಕ್ಕೆ. ಸೀರೆ ತೆಗೆಯಲು ಚಳ್ಳಕೆರೆಗೋ ಮೊಳಕಾಲ್ಮುರಿಗೋ ಎಂದು ಭಾವನವರನ್ನು ಕೇಳಬೇಕು.

ಫೆಬ್ರವರಿ 9, ಭಾನುವಾರ

ಇವತ್ತು ಹೆಳವರ ಜೋಗಪ್ಪ ಬಂದ. ಅವನ ಅಪ್ಪ ಎತ್ತಿನ ಮೇಲೆ ಬರುತ್ತಿದ್ದನಂತೆ, ಇವನದು ಟಿವಿಎಸ್. ಹಿಂದಿನ ಸೀಟಿಗೆ ಕಟ್ಟಿದ ಟ್ರಂಕಿನಲ್ಲಿ ಸುತ್ತಿನ ಹಟ್ಟಿಗಳ ವಂಶದ ಪುಸ್ತಕಗಳು. ಭಾವನವರೇ ಹೇಳಿ ಕರೆಸಿದ್ದರು, ಕಾವ್ಯಳ ಮದುವೆಯ ಮಾತನ್ನು ಪುಸ್ತಕಕ್ಕೆ ಏರಿಸಲು.

ಏರಿಸುವ ಮೊದಲು ಜೋಗಪ್ಪ ಹುಡುಗನ ಮುತ್ತಜ್ಜನ ಹೆಸರು ಕೇಳಿದ. ಉಗ್ರಪ್ಪ ಎಂದೆವು. ಅವನು ಹಳೆಯ ಪುಸ್ತಕ ತೆಗೆದು, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿ ಓದಿದ. ಉಗ್ರಪ್ಪ, ಈ ಹಟ್ಟಿಯ ದೇವರ ಎತ್ತುಗಳನ್ನು ಕಾಯುವ ಕಿಲಾರಿ, ಕರಿದಡ್ಡಿಯವರ ದೇವರ ಪೆಟ್ಟಿಗೆಗೆ ಮೀಸಲು ಹಾಲು ಕೊಡುವವನು. ಅಷ್ಟೇ ಇತ್ತು. ಬೆಡಗಿನ ಹೆಸರು ಬರೆದಿರಲಿಲ್ಲ.

ಭಾವನವರ ಮುಖ ಅಲ್ಲೇ ಕಪ್ಪಿಟ್ಟಿತು. ಹಸು ಕರು ಹಾಕಿದ ಮೇಲಿನ ಮೊದಲ ಹಾಲೇ ಮೀಸಲು. ನಮ್ಮ ದೇವರು ಇರುವುದು ಪೆಟ್ಟಿಗೆಯಲ್ಲಿ, ಆ ಹಾಲನ್ನು ಯಾವ ಪೆಟ್ಟಿಗೆಗೆ ಕೊಡುತ್ತೇವೋ ಆ ಪೆಟ್ಟಿಗೆಯವರೆಲ್ಲ ಒಂದೇ ಹೊಟ್ಟೆಯ ಮಕ್ಕಳು. ಅವರಲ್ಲಿ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಭಾವನವರು ಮಹಾಂತೇಶಣ್ಣನಿಗೆ ಅಲ್ಲಿಂದಲೇ ಫೋನು ಮಾಡಿ ಕೇಳಿದರು. ಅವರು ಮುಚ್ಚಿಡದೆ ಹೌದು ಎಂದರು. ಈಗಲೂ ವರ್ಷಕ್ಕೊಮ್ಮೆ ಈ ಕಡೆ ಬರುವವರ ಕೈಯಲ್ಲಿ ಮೀಸಲು ಹಾಲು ಕಳಿಸುತ್ತಾರಂತೆ. ಅಜ್ಜನ ಕಾಲದಿಂದ ನಡೆದುಬಂದದ್ದು ಎಂದು ನಡೆಸುತ್ತಿದ್ದಾರೆ, ಯಾಕೆ ಎಂದು ಅಲ್ಲಿ ಕೇಳಿದವರಿಲ್ಲ, ಯಾರ ಮನೆಯದು ಎಂದು ಇಲ್ಲಿ ಕೇಳಿದವರಿಲ್ಲ.

ಭಾವನವರು ಫೋನು ಕೆಳಗಿಟ್ಟು, ಜೋಗಪ್ಪನಿಗೆ ಪುಸ್ತಕ ಮುಚ್ಚಲು ಹೇಳಿದರು. ಅವರು ಹೇಳಿದ ಮೇಲೆ ಮುಗಿಯಿತು.

ಫೆಬ್ರವರಿ 10, ಸೋಮವಾರ

ಕಾವ್ಯಳಿಗೆ ಫೋನಿನಲ್ಲಿ ಹೇಳಿದೆ. ಹಿಂದೆ ಯಾರೋ ಟೋಕನ್ ನಂಬರು ಕೂಗುತ್ತಿದ್ದರು. ಆಮೇಲೆ ಕೇಳಿದಳು, "ಅವ್ವ, ಇನ್ನು ಮೇಲೆ ನಾನು ಅವರನ್ನ ಅಣ್ಣ ಅನ್ನಬೇಕಾ?"

ಊಟ ಆಯಿತಾ ಎಂದು ಕೇಳಿ ಫೋನು ಇಟ್ಟೆ.

ಫೆಬ್ರವರಿ 16, ಭಾನುವಾರ

ಭಾವನವರ ಜಗಲಿಗೆ ಹೋಗಿ ಕಂಬ ಹಿಡಿದು ನಿಂತೆ. ಕೂತುಕೋ ಎಂದರು, ಕೂರಲಿಲ್ಲ. ಏನಾದರೂ ದಾರಿ ಇದೆಯಾ ಎಂದು ಮಾತ್ರ ಕೇಳಿದೆ. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದುಕೊಂಡು ಹಗುರಾಗುತ್ತಿದ್ದೆ. ಕಾವ್ಯಳಿಗೆ ಸೈಕಲ್ ಕಲಿಸಿದವರು, ನರ್ಸಿಂಗ್ ಬೇಡ ಲ್ಯಾಬ್ ಕೋರ್ಸಿಗೆ ಸೇರಿಸು ಎಂದವರು ಅವರೇ. ಇವತ್ತು ಅವರ ಕಣ್ಣೂ ಒದ್ದೆಯಾಗಿತ್ತು.

"ನೋಡು ಶಾಂತಮ್ಮ," ಎಂದರು, "ನನ್ನ ತಮ್ಮ ಪಾಲಣ್ಣ ಬದುಕಿದ್ದಿದ್ರೂ ನಾನು ಇದನ್ನೇ ಹೇಳ್ತಿದ್ದೆ. ಅಣ್ಣತಂಗೀನ ಹಸೆಮಣೆ ಮೇಲೆ ಕೂರಿಸಿ ನಾನು ಯಾವ ಮುಖ ಇಟ್ಕೊಂಡು ಪೆಟ್ಟಿಗೆ ಮುಂದೆ ನಿಲ್ಲಲಿ?"

ಮಹಾಂತೇಶಣ್ಣನೂ ಬಂದಿದ್ದರು. ಅವರಿಗೂ ಹೆಚ್ಚು ಗೊತ್ತಿಲ್ಲ. ಉಗ್ರಪ್ಪ ಹರೆಯದಲ್ಲಿ ರಾಯದುರ್ಗದ ಕಡೆಯಿಂದ ಒಬ್ಬನೇ ಬಂದು ಇಲ್ಲಿ ಮೂವತ್ತು ವರ್ಷ ದೇವರ ಎತ್ತು ಕಾದನಂತೆ, ಇಲ್ಲೇ ಸತ್ತನಂತೆ. ಅವನು ಹೋದ ಮೇಲೆ ಮಕ್ಕಳು ಮೊಳಕಾಲ್ಮುರು ಸೇರಿದರು. ಸಾವು ನೋವಿನ ಸುದ್ದಿ ಹೋಗಿ ಬರುವುದೂ ನಿಂತಿತು, ಹಾಲು ಮಾತ್ರ ಬರುತ್ತಿತ್ತು. ಬಿಲ್ಲಿನವರು ಎಂದು ಅಪ್ಪ ಹೇಳಿದ್ದ ಎನ್ನುವುದು ಬಿಟ್ಟರೆ ಮಹಾಂತೇಶಣ್ಣನ ಹತ್ತಿರ ಬೇರೆ ಸಾಕ್ಷಿಯಿಲ್ಲ. ಭಾವನವರು, ಬಾಯಿಮಾತಿನ ಬೆಡಗಿಗಿಂತ ಪುಸ್ತಕದ ಮೀಸಲು ಹೆಚ್ಚು ಎಂದರು.

ಕೊನೆಗೆ ಮಾರ್ಚ್ 23ಕ್ಕೆ ಹಿರಿಯರು ಕಟ್ಟೆಮನೆಯಲ್ಲಿ ಸೇರಿ ತೀರ್ಮಾನ ಹೇಳುವುದು ಎಂದಾಯಿತು. ತೀರ್ಮಾನ ಏನು ಎಂದು ಎಲ್ಲರಿಗೂ ಈಗಲೇ ಗೊತ್ತಿದೆ.

ಫೆಬ್ರವರಿ 27, ಗುರುವಾರ

ನಿನ್ನೆ ಶಿವರಾತ್ರಿ. ಕಾವ್ಯ ಬಂದಿದ್ದಳು. ಮೂರು ಮಾತು ಆಡಿದಳು, ಮೂರೂ ಬಸ್ಸಿನ ಟೈಮಿನ ಬಗ್ಗೆ.

ಮಾರ್ಚ್ 6, ಗುರುವಾರ

ಇವತ್ತು ನಡೆದದ್ದನ್ನು ಕ್ರಮವಾಗಿ ಬರೆಯಬೇಕು, ಇಲ್ಲದಿದ್ದರೆ ನನಗೇ ಕೈತಪ್ಪುತ್ತದೆ.

ಅಂಗನವಾಡಿಗೆ ರಶ್ಮಿತಾ ಎಂಬ ಮಗು ಒಂದು ವಾರದಿಂದ ಬಂದಿರಲಿಲ್ಲ. ಮೊಟ್ಟೆ ಕೊಡುವ ದಿನ ತಪ್ಪಿಸುವ ಮಗುವಲ್ಲ. ಮನೆಗೆ ಹೋದೆ. ಅವಳ ತಾಯಿ ಹೊಸಿಲಲ್ಲೇ ನಿಂತು, ಟೀಚರ್ ಒಳಗೆ ಬರಬೇಡಿ, ಸೂತಕ ಎಂದಳು. ಸತ್ತವರು ಯಾರೆಂದರೆ ಪಕ್ಕದ ಹಳ್ಳಿಯ ಮುದುಕ, ಇವರು ಮುಖ ನೋಡಿ ಎಷ್ಟೋ ವರ್ಷ. ಅಷ್ಟು ದೂರದವರಿಗೂ ಸೂತಕವಾ ಎಂದೆ. "ದೂರ ಆದ್ರೇನು ಟೀಚರ್, ಅಣ್ಣತಮ್ಮರ ಬೆಡಗು. ಹನ್ನೊಂದು ದಿನ ಒಗ್ಗರಣೆ ಹಾಕಂಗಿಲ್ಲ," ಎಂದಳು.

ಅಲ್ಲೇ ರಸ್ತೆಯಲ್ಲಿ ನಿಂತುಬಿಟ್ಟೆ. ಉಗ್ರಪ್ಪ ನಮ್ಮ ಹಟ್ಟಿಯಲ್ಲೇ ಸತ್ತವನು. ಅವನು ಒಂದೇ ಬೆಡಗಿನವನಾಗಿದ್ದರೆ ನಮ್ಮ ಮನೆಗೆ ಸೂತಕ ಬಂದಿರಲೇಬೇಕು. ಬಂದಿತ್ತಾ?

ಸಂಜೆ ಮುದ್ದಕ್ಕನನ್ನು ಕೇಳಿದೆ. ಅವರು ಮದುವೆಯಾಗಿ ಬರುವ ಹೊತ್ತಿಗೆ ಉಗ್ರಪ್ಪ ಸತ್ತು ಬಹಳ ವರ್ಷವಾಗಿತ್ತು. ಗಂಡಸರನ್ನು ಕೇಳಿ ಪ್ರಯೋಜನವಿಲ್ಲ. ಸೂತಕ ಎಂದರೆ ಅವರಿಗೆ ತಟ್ಟೆಯಲ್ಲಿ ಸಪ್ಪೆ ಸಾರು, ಅಷ್ಟೇ. ಮಡಕೆ ತೆಗೆದು ಹೊರಗಿಟ್ಟವರು, ಒಲೆ ಸಾರಿಸಿದವರು, ದಿನ ಎಣಿಸಿದವರು ಹೆಂಗಸರು. ಆ ಕಾಲಕ್ಕೆ ಈ ಮನೆಯ ಸೊಸೆಯಾಗಿದ್ದವರಲ್ಲಿ ಬದುಕಿರುವವರು ಒಬ್ಬರೇ, ಹೊನ್ನಕ್ಕತ್ತೆ. ಭಾವನವರ ಚಿಕ್ಕಪ್ಪನ ಹೆಂಡತಿ. ಚಿಕ್ಕಪ್ಪ ಹೋದ ಮೇಲೆ ಜಟಿಂಗ ರಾಮೇಶ್ವರದ ಕೆಳಗಿನ ಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಎಂಬತ್ತೊಂದೋ ಎರಡೋ ವಯಸ್ಸು. ಈ ಗಲಾಟೆಯಲ್ಲಿ ಅವರನ್ನು ಯಾರೂ ನೆನೆಸಿಕೊಂಡಿಲ್ಲ. ವಂಶಾವಳಿಯ ಹಾಳೆಯಲ್ಲಿ ಅವರ ಹೆಸರೂ ಇಲ್ಲ, ಆ ಹಾಳೆಯಲ್ಲಿ ಹೆಂಗಸರೇ ಇಲ್ಲ. ಹನ್ನೊಂದು ತಲೆಮಾರು ಗಂಡಸರು ಗಂಡಸರಿಗೇ ಹುಟ್ಟಿದ ಹಾಗೆ ಬರೆದಿದ್ದಾರೆ. ಇಷ್ಟು ದಿನ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮಾರ್ಚ್ 8, ಶನಿವಾರ

ಮಹಿಳಾ ದಿನಾಚರಣೆಯ ಮೀಟಿಂಗು ಎಂದು ಸುಳ್ಳು ಹೇಳಿ ಏಳು ಗಂಟೆಯ ಬಸ್ಸು ಹತ್ತಿದೆ. ಚಳ್ಳಕೆರೆಯಲ್ಲಿ ಬಸ್ಸು ಬದಲಿಸಿ, ಮುಂದೆ ಆಟೋ ಹಿಡಿದು ಊರು ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು.

ಹೊನ್ನಕ್ಕತ್ತೆ ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. ಕಣ್ಣು ಮಂಜು, ಕಿವಿ ಚುರುಕು. ಹಲ್ಲು ಇಲ್ಲದಿದ್ದರೂ ಮಾತಿಗೆ ಹರಿತವಿದೆ. ಆರು ವರ್ಷದಿಂದ ಬಾರದವಳು ಇವತ್ತು ಬಂದಿದ್ದೀಯ, ಯಾರು ಸತ್ತರು ಎಂದರು. ಉಗ್ರಪ್ಪ ಎಂದೆ. ಅದಕ್ಕೆ ಅವರು ನಕ್ಕು, "ಅಯ್ಯೋ ತಲ್ಲೀ, ಆತ ಸತ್ತು ಅರವತ್ತು ವರ್ಸ ಮೇಲಾಯ್ತು," ಎಂದರು.

ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು. ಅವರು ಮದುವೆಯಾಗಿ ಬಂದ ಮೊದಲ ವರ್ಷ. ದೀಪಾವಳಿಯ ಹಿಂದಿನ ದಿನ ಉಗ್ರಪ್ಪ ಎತ್ತುಗಳ ಹಿಂದೆ ಹೋದವನು ಗೋಮಾಳದಲ್ಲೇ ಬಿದ್ದು ಸತ್ತ. ಸಂಜೆಯೊಳಗೆ ಮಣ್ಣು ಮಾಡಿದರು. ಹೊಸ ಸೊಸೆ ಹೊನ್ನಕ್ಕ, ಇನ್ನು ಹಬ್ಬ ಇಲ್ಲ ಎಂದು ನೆನೆಸಿಟ್ಟ ಬೇಳೆಯನ್ನು ದನಕ್ಕೆ ಸುರಿಯಲು ಹೊರಟರೆ ಅತ್ತೆ ಮೂಗಮ್ಮ ಕೈ ಹಿಡಿದು ನಿಲ್ಲಿಸಿದಳಂತೆ.

"ನಮ್ಮತ್ತೆ ಅಂದ್ಲು, ಅವರ ಸೂತಕ ನಮಗೆ ತಟ್ಟಲ್ಲ ಕಣೇ, ಅವರದು ಬೇರೆ ಬೆಡಗು. ಆತ ಸಾಕಿದ ಎತ್ತಿಗೆ ಹಬ್ಬ ಮಾಡದಿದ್ರೆ ಆತನ ಜೀವ ನೊಂದುಕೊಳ್ತೈತೆ ಅಂದ್ಲು. ಹೋಳಿಗೆ ಮಾಡಿದ್ವಿ. ಸಾವಿನ ಮನೇಲಿ ಒಲೆ ಹಚ್ಚಂಗಿಲ್ವಲ್ಲ, ಅವರಿಗೆ ಅನ್ನ ಸಾರು ಬುಟ್ಟೀಲಿ ಹೊತ್ಕೊಂಡು ಹೋದೋಳು ನಾನೇ."

ನನ್ನ ಕೈಯಲ್ಲಿದ್ದ ಹುಣಸೆಹಣ್ಣು ಹಾಗೇ ಉಳಿಯಿತು. ಅಣ್ಣತಮ್ಮರಾಗಿದ್ದರೆ ಹೋಳಿಗೆಯೂ ಇಲ್ಲ, ಬುಟ್ಟಿಯೂ ಇಲ್ಲ. ಮತ್ತೆ ಮೀಸಲು ಹಾಲು ಯಾಕೆ ಕೊಡುತ್ತಿದ್ದ ಎಂದೆ. ಕಾಯುವ ಎತ್ತು ಯಾವ ದೇವರದೋ ಆ ದೇವರಿಗೆ ಕೊಟ್ಟ, ಅವನ ದೇವರ ಪೆಟ್ಟಿಗೆ ಎಲ್ಲೋ ರಾಯದುರ್ಗದ ಆಚೆ ಇತ್ತು, ಹಾಲು ಅಲ್ಲಿಯವರೆಗೆ ಕೆಡದೆ ಇರುತ್ತದಾ ಎಂದರು. ಇದನ್ನು ಯಾಕೆ ಯಾರಿಗೂ ಹೇಳಲಿಲ್ಲ ಅತ್ತೆ ಎಂದರೆ, ಯಾರು ಕೇಳಿದರು ಎಂದು ನನ್ನನ್ನೇ ಕೇಳಿದರು.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನಗೆ ವಾಂತಿ ಬರುತ್ತಿದೆ ಎಂದುಕೊಂಡು ನಿಂಬೆಹಣ್ಣು ಕೊಟ್ಟಳು.

ಮಾರ್ಚ್ 12, ಬುಧವಾರ

ಭಾವನವರಿಗೆ ಹೇಳಿದೆ. ಸುಳ್ಳು ಹೇಳಿ ಹೋಗಿದ್ದನ್ನೂ ಹೇಳಿದೆ. ಜಗಲಿಯ ಮೇಲೆ ಕೂತೇ ಹೇಳಿದೆ, ನಿಂತು ಹೇಳುವಷ್ಟು ಚಿಕ್ಕ ಮಾತಲ್ಲ ಅದು.

ಅವರು ಕೊನೆಯವರೆಗೂ ಕೇಳಿದರು. ಆಮೇಲೆ, ಅರವತ್ತು ವರ್ಷದ ಹಿಂದೆ ಯಾವ ಹಬ್ಬಕ್ಕೆ ಯಾರು ಏನು ಬೇಯಿಸಿದರು ಎಂದು ಕಟ್ಟೆಯಲ್ಲಿ ಯಾರೂ ಕೇಳುವುದಿಲ್ಲ, ಮುದುಕಿಗೆ ಒಂದು ದೀಪಾವಳಿ ಇನ್ನೊಂದರ ಜೊತೆ ಕಲಸಿಹೋಗಿರುತ್ತದೆ, ಅಡುಗೆಮನೆ ಮಾತು ಅಡುಗೆಮನೆಯಲ್ಲೇ ಇರಲಿ ಎಂದರು. ಸಿಟ್ಟಿನಿಂದ ಹೇಳಲಿಲ್ಲ, ಮಗುವಿಗೆ ಹೇಳಿದ ಹಾಗೆ ಹೇಳಿದರು. ಸರಿ ಭಾವ ಎಂದು ಎದ್ದು ಬಂದೆ.

ಮನೆಗೆ ಬಂದು ಆಟೋ ಬಾಲರಾಜನಿಗೆ ಫೋನು ಮಾಡಿದೆ. 23ನೇ ತಾರೀಖು ಬೆಳಿಗ್ಗೆ ಜಟಿಂಗ ರಾಮೇಶ್ವರದ ಕಡೆ ಬರಬೇಕು, ಸೀಟಿಗೆ ಒಂದು ಕೌದಿ ಹಾಸಿಕೊಂಡು ಬಾ ಎಂದೆ.

ಮಾರ್ಚ್ 23, ಭಾನುವಾರ

ಕಟ್ಟೆಮನೆಯ ಒಳಗೆ ದೇವರ ಪೆಟ್ಟಿಗೆ, ಮುಂದೆ ಗಂಡಸರು ಅರವತ್ತು ಎಪ್ಪತ್ತು ಜನ. ನಡುವೆ ಯಜಮಾನ ಕಾಮಣ್ಣನವರು. ಒಂದು ಕಡೆ ಭಾವನವರು ವಂಶಾವಳಿಯ ಸುರುಳಿ ಹಿಡಿದುಕೊಂಡು, ಪಕ್ಕದಲ್ಲಿ ಜೋಗಪ್ಪ ಟ್ರಂಕಿನ ಜೊತೆ. ಇನ್ನೊಂದು ಕಡೆ ಮಹಾಂತೇಶಣ್ಣ ಮತ್ತು ಮಾರುತೇಶ, ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿಕೊಂಡು. ಹೆಂಗಸರು ಕಟ್ಟೆಗೆ ಹೋಗುವ ಪದ್ಧತಿಯಿಲ್ಲ. ಹಾಗಾಗಿ ಆಟೋವನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಹೊನ್ನಕ್ಕತ್ತೆ ಇಳಿಯಲಿಲ್ಲ. ಕಟ್ಟೆ ಮೇಲೆ ಕೂರಬಾರದು ತಾನೇ, ಆಟೋದಲ್ಲಿ ಕೂತರೆ ಯಾವ ದೇವರಿಗೆ ಬೇಜಾರು ಎಂದರು.

ಜೋಗಪ್ಪ ಓದಿದ. ಭಾವನವರು ಹೇಳಿದರು. ಕಾಮಣ್ಣನವರು ಇನ್ನು ಯಾರಿಗಾದರೂ ಹೇಳುವುದಿದೆಯಾ ಎಂದು ರೂಢಿಗೆ ಕೇಳಿ ಎಲೆ ಅಡಿಕೆಗೆ ಕೈ ಹಾಕಿದರು. ಆಗ ನಾನು ಮಾತಾಡಿದೆ. ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ಉಗ್ರಪ್ಪ ಸತ್ತಾಗ ಈ ಮನೆಯಲ್ಲಿದ್ದ ಸೊಸೆ ಬಂದಿದ್ದಾರೆ, ಸೂತಕ ಹಿಡಿದಿದ್ದರೋ ಇಲ್ಲವೋ ಒಂದು ಮಾತು ಕೇಳಿ ಎಂದು ಅಂದೆನೆಂದು ಬಾಲರಾಜ ಆಮೇಲೆ ಹೇಳಿದ.

ಗುಸುಗುಸು ಆಯಿತು. ಕಾಮಣ್ಣನವರು ಆಟೋ ಕಡೆ ತಿರುಗಿ, ಹೇಳವ್ವ ಎಂದರು. ಹೊನ್ನಕ್ಕತ್ತೆ ಆಟೋದಿಂದಲೇ ಎಲ್ಲ ಹೇಳಿದರು, ಬೇಳೆ, ಹೋಳಿಗೆ, ಬುಟ್ಟಿ. ಭಾವನವರು ಎದ್ದು ನಿಂತು, ಚಿಕ್ಕವ್ವನಿಗೆ ವಯಸ್ಸಾಗಿದೆ, ಇಸವಿ ಗೊತ್ತಿಲ್ಲ, ತಿಥಿ ಗೊತ್ತಿಲ್ಲ, ಇದನ್ನು ಸಾಕ್ಷಿ ಎನ್ನಲಾಗುವುದಿಲ್ಲ ಎಂದರು.

ಹೊನ್ನಕ್ಕತ್ತೆ ಆಟೋದ ಕಂಬಿ ಹಿಡಿದು ಮುಂದಕ್ಕೆ ಬಾಗಿದರು.

"ಲೇ ಪಾಲ, ಇಸವಿ ನಿನ್ನ ಹಾಳೇಲಿ ಇರಲಿ. ಆವತ್ತು ಹೊಟ್ಟೆ ಹಿಡ್ಕೊಂಡು ಹಟ್ಟಿಗೆಲ್ಲ ಕೇಳಂಗೆ ಅತ್ತೋನು ನೀನಲ್ವೇನೋ? ಓಮಿನ ನೀರು ಕುಡಿಸಿದೋಳು ನಾನು. ಪೆಟ್ಟಿಗೆ ಮುಂದೆ ನಿಂತಿದೀಯ, ಹೇಳು. ಎಷ್ಟು ಹೋಳಿಗೆ ತಿಂದಿದ್ದೆ?"

ಭಾವನವರು ಎಪ್ಪತ್ತೆರಡು ವರ್ಷದ ಮನುಷ್ಯ, ಹಿಡಿದ ಸುರುಳಿಯನ್ನು ಎರಡು ಕೈಯಲ್ಲೂ ಹಿಂಡುತ್ತಿದ್ದರು. ಅವರಿಗೆ ನೆನಪಾಗಿದೆ ಎಂದು ನನಗೆ ಮುಖ ನೋಡಿಯೇ ತಿಳಿಯಿತು. ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಅವರ ಮಾತಿಗೆ ಎದುರು ಹೇಳುವವರು ಆ ಕಟ್ಟೆಯಲ್ಲಿ ಯಾರೂ ಇರಲಿಲ್ಲ. ನನ್ನ ಮಗಳ ಬಾಳು ಆ ಹೊತ್ತಿನಲ್ಲಿ ಅವರ ನಾಲಿಗೆಯ ಮೇಲಿತ್ತು.

"ನಾಲ್ಕು," ಎಂದರು.

ಯಾರೋ ಕಿಸಕ್ಕನೆ ನಕ್ಕರು. ಭಾವನವರು ನಗಲಿಲ್ಲ. ಪೆಟ್ಟಿಗೆಯ ಕಡೆ ತಿರುಗಿ ಕೈ ಮುಗಿದು, ಉಗ್ರಪ್ಪನನ್ನು ಮಣ್ಣು ಮಾಡಿದ ಮಾರನೇ ದಿನ ನಮ್ಮ ಮನೆಯಲ್ಲಿ ಹಬ್ಬ ಆಗಿದ್ದು ನಿಜ, ತಾನು ತಿಂದದ್ದು ನಿಜ, ಸೂತಕವಿಲ್ಲದ ಮೇಲೆ ಅವರು ಅಣ್ಣತಮ್ಮರಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಹೇಳಿ ಮುಗಿಸಿ ಕುಕ್ಕರಿಸಿದರು. ಕಾಮಣ್ಣನವರು ಮಹಾಂತೇಶಣ್ಣನನ್ನು ಬೀಗರೇ ಎಂದು ಕರೆದು ಎಲೆ ಅಡಿಕೆ ಕೊಟ್ಟರು. ಮಾರುತೇಶ ಎದ್ದು ಸೀದಾ ಆಟೋದ ಹತ್ತಿರ ಬಂದು ಹೊನ್ನಕ್ಕತ್ತೆಯ ಕಾಲು ಮುಟ್ಟಿದ. ಯಾರಪ್ಪ ನೀನು ಎಂದು ಕೇಳಿದರು ಅವರು. ಕಿಲಾರಿ ಉಗ್ರಪ್ಪನ ಮರಿಮಗ ಎಂದ. ಅವನ ತಲೆ, ಕಿವಿ, ಭುಜ ಎಲ್ಲ ತಡವಿ ನೋಡಿದರು.

ಕಾವ್ಯಳಿಗೆ ಫೋನು ಮಾಡಿದೆ. ಇವತ್ತು ಭಾನುವಾರವಾದರೂ ಅವಳದು ಪಾಳಿ ಇತ್ತು. ಹೇಳಿದೆ. ಹಿಂದೆ ಅದೇ ಟೋಕನ್ ಕೂಗು.

"ಅವ್ವ," ಎಂದಳು, "ಇನ್ನೂ ಹನ್ನೆರಡು ಸ್ಯಾಂಪಲ್ ಐತೆ. ಮುಗಿಸಿ ಆಮೇಲೆ ಅಳ್ತೀನಿ."

ಏಪ್ರಿಲ್ 4, ಶುಕ್ರವಾರ

ಚಳ್ಳಕೆರೆಗೆ ಹೋಗಿ ಲಗ್ನಪತ್ರಿಕೆಯ ಪ್ರೂಫ್ ತಂದೆ. ಆಹ್ವಾನಿಸುವವರು ಎಂದು ಯಾರ ಹೆಸರು ಹಾಕಲಿ ಎಂದು ಪ್ರೆಸ್ಸಿನವನು ಕೇಳಿದ. ನನ್ನ ಹೆಸರು ಹೇಳಿದೆ. ಅವನು ಟೈಪು ಮಾಡುವುದನ್ನು ನಿಲ್ಲಿಸಿ, ಮನೆಯಲ್ಲಿ ಹಿರಿಯರು ಯಾರೂ ಇಲ್ವಾ ಮೇಡಂ ಎಂದ. ಇದ್ದಾರೆ, ಅವರ ಹೆಸರು ಎರಡನೇ ಸಾಲಿಗೆ ಹಾಕಪ್ಪ ಎಂದೆ. ಬಿಸಿಲು ವಿಪರೀತ. ಎರಡು ಎಳನೀರು ಕುಡಿದು, ಸೀರೆಯನ್ನೂ ಅಲ್ಲೇ ತೆಗೆದು ಬಂದೆ. ಮೊಳಕಾಲ್ಮುರು ರೇಷ್ಮೆಯೇ, ತುಂಬು ಹಸಿರು, ಕಾವ್ಯಳಿಗೆ ಒಪ್ಪುತ್ತದೆ.

ಸಂಜೆ ಪ್ರೂಫನ್ನು ಭಾವನವರಿಗೆ ಕೊಟ್ಟೆ. ಕಟ್ಟೆಯ ದಿನದಿಂದ ಅವರು ಹೆಚ್ಚು ಮಾತಾಡಿಲ್ಲ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಮುದ್ದಕ್ಕ ಒಳಗಿನಿಂದ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

"ಶಾಂತಮ್ಮ," ಎಂದರು ಭಾವನವರು, "ಇದ್ರಾಗೆ ಹೊನ್ನಕ್ಕ ಚಿಕ್ಕವ್ವನ ಹೆಸರು ಎಲ್ಲೈತೆ?"

ಪೆನ್ನು ಕೊಡು ಎಂದು ಕೈ ಚಾಚಿದರು. ತಮ್ಮ ಹೆಸರಿನ ಮೇಲೆ ಸಣ್ಣ ಜಾಗವಿತ್ತು. ಅಲ್ಲಿ ನಿಧಾನವಾಗಿ, ಒಂದೊಂದೇ ಅಕ್ಷರ, ದುಂಡಗೆ ಬರೆದರು. ಬರೆದ ಮೇಲೆ ಚಿಕ್ಕವ್ವನ ತವರಿನ ಬೆಡಗು ಯಾವುದು ಎಂದು ನನ್ನನ್ನೇ ಕೇಳಿದರು. ಗೊತ್ತಿಲ್ಲ ಭಾವ, ಫೋನು ಮಾಡಿ ಅವರನ್ನೇ ಕೇಳೋಣ ಎಂದೆ.

ನಾಳೆ ಮತ್ತೆ ಪ್ರೆಸ್ಸಿಗೆ ಹೋಗಬೇಕು.